ಹೂವಿನ ಮೇಲೆ ಲೋಟ

ನಮ್ಮ ಮನೆಯ ತೇಗದ ಟೀಪಾಯಿಯ ಮೇಲೆ 17 ಬಿಳಿ ಉಂಗುರಗಳಿವೆ. ಎಣಿಸಿದವಳು ನನ್ನ ಹೆಂಡತಿ. ಹದಿನೇಳೂ ನನ್ನ ಲೋಟದವೇ ಎಂಬುದು ಅವಳ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಬಿಸಿ ಲೋಟದ ಅಡಿಯ ತೇವ ಪಾಲಿಶ್‌ನೊಳಗೆ ಸಿಕ್ಕಿಕೊಂಡರೆ ಹೀಗೆ ಬಿಳಿಚಿಕೊಳ್ಳುತ್ತದೆ.

ಇದಕ್ಕೆ ನಮ್ಮ ಹಿರಿಯರು ಎಂದೋ ಪರಿಹಾರ ಮಾಡಿಟ್ಟಿದ್ದಾರೆ. ಫಿಲ್ಟರ್ ಕಾಫಿಗೆ ಲೋಟದ ಜೊತೆ ಒಂದು ಬಟ್ಟಲು. ಎತ್ತಿ ಹೊಯ್ದು, ನೊರೆ ಬರಿಸಿ, ಲೋಟವನ್ನು ಬಟ್ಟಲಿನಲ್ಲೇ ಕೂರಿಸಿಕೊಂಡರೆ ಮೇಜೂ ಕ್ಷೇಮ, ಸಂಸಾರವೂ ಕ್ಷೇಮ. ನಾನಾದರೋ ಬಟ್ಟಲನ್ನು ಅಡುಗೆಮನೆಯಲ್ಲೇ ಬಿಟ್ಟು ಬರುವ ಜಾತಿ.

"ರೀ, ಆ ಬಟ್ಟಲನ್ನು ಜೊತೆಗೆ ತಂದರೆ ಕೈ ಸವೆಯುತ್ತದೆಯೇ?" ಎಂದು ಅವಳು ಕೇಳಿದಳು.

ಸವೆಯುವುದಿಲ್ಲ. ಆದರೆ ನಿವೃತ್ತನಾದವನಿಗೆ ಸುಲಭದ ಪರಿಹಾರ ಹಿಡಿಸುವುದಿಲ್ಲ. ಅದನ್ನು ಒಪ್ಪಿಕೊಂಡರೆ ಆಮೇಲೆ ಸಂಜೆಯವರೆಗೆ ಮಾಡುವುದೇನು? ಲೋಟದ ಅಡಿಗೆ ಇಡುವ, ಹೂವಿನ ಆಕಾರದ ಆರು ಕೋಸ್ಟರ್‌ಗಳನ್ನು ನನ್ನ ಕೈಯಾರೆ ಕ್ರೋಶಾದಲ್ಲಿ ಹೆಣೆಯುತ್ತೇನೆಂದು ಘೋಷಿಸಿದೆ. ಅವಳು ನನ್ನನ್ನೊಮ್ಮೆ, ಟೀಪಾಯಿಯನ್ನೊಮ್ಮೆ ನೋಡಿ, ಪಾಲಿಶ್ ಹಾಕುವವನ ನಂಬರ್ ಹುಡುಕಲು ಎದ್ದು ಹೋದಳು.

ಅಟ್ಟದಲ್ಲಿ ನನ್ನ ಅತ್ತೆಯವರ ಬಿಸ್ಕತ್ತಿನ ಡಬ್ಬಿ ಇತ್ತು. ಒಳಗೆ ಎರಡು ಕೊಕ್ಕೆ ಕಡ್ಡಿ, ಒಂದು ಹಳೆಯ ಪುಸ್ತಕ. ಅತ್ತೆಯವರು ಈ ಕಡ್ಡಿಯಿಂದ ಬಾಗಿಲಿಗೆ ತೋರಣ, ರೇಡಿಯೋಗೆ ಹೊದಿಕೆ, ಹಾಲಿನ ಜಗ್ಗಿಗೆ ಸುತ್ತಲೂ ಮಣಿ ತೂಗುವ ಮುಚ್ಚಳ ಎಲ್ಲ ಹಾಕಿದ್ದರು. ಟಿವಿ ಬಂದ ಮೇಲೆ ಅದಕ್ಕೂ ಒಂದು ಹೊದಿಸಿದರು. ಅವರ ಮನೆಯಲ್ಲಿ ಅಲುಗಾಡದ ಯಾವ ವಸ್ತುವಿಗೂ ಬರಿಮೈ ಇರಲಿಲ್ಲ. ಮಧ್ಯಾಹ್ನದ ನಿದ್ದೆಯಲ್ಲಿ ನನಗೂ ಒಂದು ಹೊದಿಸಿಬಿಟ್ಟಾರು ಎಂದು ಆಗ ಹೆದರುತ್ತಿದ್ದೆ.

ಪುಸ್ತಕದ ಜೊತೆಗೆ ಮೊಬೈಲಿನಲ್ಲಿ ವಿಡಿಯೋ ಒಂದನ್ನೂ ಇಟ್ಟುಕೊಂಡದ್ದು ಮೊದಲ ತಪ್ಪು. ಇಂಗ್ಲೆಂಡಿನವರು ‘ಡಬಲ್’ ಎನ್ನುವ ಹೊಲಿಗೆಯನ್ನು ಅಮೆರಿಕದವರು ‘ಸಿಂಗಲ್’ ಎನ್ನುತ್ತಾರೆ. ಅಮೆರಿಕದ ‘ಡಬಲ್’ ಇಂಗ್ಲೆಂಡಿಗೆ ಹೋದರೆ ‘ಟ್ರೆಬಲ್’. ಪುಸ್ತಕ ಇಂಗ್ಲೆಂಡಿನ ಲೆಕ್ಕದ್ದು, ವಿಡಿಯೋದ ಹೆಂಗಸು ಅಮೆರಿಕದವಳು. ಮೂರು ದಳಗಳನ್ನು ಪುಸ್ತಕ ನೋಡಿ, ಮೂರನ್ನು ವಿಡಿಯೋ ನೋಡಿ ಹಾಕಿದೆ. ಒಂದು ಕಡೆ ಮೊಲದ ಕಿವಿ, ಇನ್ನೊಂದು ಕಡೆ ಹಾಲುಹಲ್ಲು. ಈ ಹೆಣಿಗೆಯ ದೊಡ್ಡ ಗುಣವೆಂದರೆ ತುದಿ ಹಿಡಿದು ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಎರಡು ದಿನದ ದುಡಿಮೆ ಎರಡೇ ನಿಮಿಷದಲ್ಲಿ ಒತ್ತು ಶ್ಯಾವಿಗೆಯ ಹಾಗೆ ಮಡಿಲಿಗೆ ಬಂದು ಬಿತ್ತು.

ಎರಡನೆಯ ಸಮಸ್ಯೆ ಎಣಿಕೆಯದು. ನಡುವಿನ ಬಿಲ್ಲೆ ಚಪ್ಪಟೆಯಾಗಿ ಬರಬೇಕಾದರೆ ಮೊದಲ ಸುತ್ತಿಗೆ 6 ಹೊಲಿಗೆ, ಆಮೇಲೆ ಸುತ್ತಿಗೆ ಆರಾರು ಕೂಡಿಸುತ್ತ 12, 18, 24 ಎಂದು ಹೋಗಬೇಕು. 34 ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವನಿಗೆ ಇದು ಯಾವ ಲೆಕ್ಕ ಎಂದುಕೊಂಡೆ. ಆದರೆ ನೋಟು ಎಣಿಸುವಾಗ ಕೌಂಟರಿನ ಮುಂದೆ ನಿಂತವರು "ರೀ, ಗ್ಯಾಸ್ ಆರಿಸಿದಿರಾ?" ಎಂದು ಕೇಳುತ್ತಿರಲಿಲ್ಲ. ಹೊಲಿಗೆ ಕಡಿಮೆಯಾದ ಬಿಲ್ಲೆ ಅಂಚು ಮೇಲೆತ್ತಿ ಬೋಗುಣಿಯಾಯಿತು. ಹೆಂಡತಿ ಅದನ್ನು ತಿರುವಿ ನೋಡಿ, ಮರುಮಾತಿಲ್ಲದೆ ಒಯ್ದು, ದೇವರ ಮನೆಯ ಬಾಲಕೃಷ್ಣನ ತಲೆಗೆ ಕುಲಾವಿ ಮಾಡಿದಳು. ಅಳತೆ ಸರಿಯಾಗಿತ್ತು. ನಾನು ಹೆಣೆದದ್ದರಲ್ಲಿ ಅಳತೆ ಸರಿಯಾದದ್ದು ಅದೊಂದೇ.

ಮುಂದಿನದಕ್ಕೆ ಜಾಗ್ರತೆಯಿಂದ ಹೊಲಿಗೆ ಹೆಚ್ಚಿಸಿದೆ. ಹೆಚ್ಚಾಯಿತು. ಅಂಚು ನೆರಿಗೆನೆರಿಗೆಯಾಗಿ ಎದ್ದು ನಿಂತಿತು.

"ಕೋಳಿಜುಟ್ಟಿನ ಹೂವೇ?"

"ಇದು ಗಣಿತ" ಎಂದೆ. ಸುಳ್ಳಲ್ಲ. ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೀಗೆಯೇ ಹೊಲಿಗೆ ಹೆಚ್ಚಿಸುತ್ತ ಹೆಚ್ಚಿಸುತ್ತ ಕ್ರೋಶಾ ಹೆಣೆದು, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತೆ ಹೈಪರ್ಬಾಲಿಕ್ ಜ್ಯಾಮಿತಿಯ, ಅಂದರೆ ಹೀಗೆ ನೆರಿಗೆಗಟ್ಟುವ ಮೇಲ್ಮೈಯ ಗಣಿತದ, ಮಾದರಿ ಮಾಡಿದ್ದರು. ಅದನ್ನು ಹೆಂಡತಿಗೆ ವಿವರಿಸಿದೆ. "ಅದರ ಮೇಲೆ ಅವರು ಲೋಟ ಇಟ್ಟಿದ್ದರೇ?" ಎಂದು ಕೇಳಿದಳು. ಗಣಿತದ ಚರ್ಚೆ ಅಲ್ಲಿಗೆ ನಿಂತಿತು.

ಹೇಗೋ ಒಂದು ನೆಟ್ಟಗಾಯಿತು. ಉತ್ಸಾಹದಲ್ಲಿ ಅದರ ಮೇಲೆ ಒಲೆಯಿಂದ ಇಳಿಸಿದ ಸಾರಿನ ಪಾತ್ರೆಯನ್ನೇ ಇಟ್ಟೆ. ನಾನು ಉಲ್ಲನ್ ಎಂದು ತಂದದ್ದು ಅಕ್ರಿಲಿಕ್ ಆಗಿತ್ತು. ಬಿಸಿಗೆ ಕರಗುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ. ಆ ಪಾತ್ರೆಯ ತಳವನ್ನು ಉಜ್ಜಿದವನು ನಾನೇ.

ಆಮೇಲೆ ಪೇಟೆಗೆ ಹೋಗಿ ಅಪ್ಪಟ ಹತ್ತಿಯ ಕೆಂಪು ದಾರ ತಂದೆ. ತಿಂಗಳೊಂದರಲ್ಲಿ ಆರು ಹೂ, ಒಂದೊಂದಕ್ಕೂ ಆರು ದಳ. ದಳಗಳಲ್ಲಿ ಅಣ್ಣ ತಮ್ಮಂದಿರಷ್ಟು ವ್ಯತ್ಯಾಸವಿತ್ತೇ ಹೊರತು ಬೇರೆ ಬೇರೆ ಮನೆತನದವು ಎನ್ನುವಂತಿರಲಿಲ್ಲ. ಉದ್ಘಾಟನೆಗೆ ಬೀಗರು ಬರುವುದೂ ಕೂಡಿಬಂತು. ಏಪ್ರಿಲ್ ಬಿಸಿಲು. ಗಾಜಿನ ಲೋಟದಲ್ಲಿ ತಣ್ಣನೆಯ ನಿಂಬೆ ಶರಬತ್ತು, ಅದರಡಿಗೆ ಕೆಂಪು ಹೂ. ಬೀಗಿತ್ತಿ, "ಅಯ್ಯೋ, ಎಷ್ಟು ಚೆನ್ನಾಗಿದೆ! ನೀವೇ ಹಾಕಿದ್ದೇ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ.

ತಣ್ಣನೆಯ ಗಾಜು ಬೆವರುತ್ತದೆ, ಹತ್ತಿ ಆ ನೀರನ್ನೆಲ್ಲ ಕುಡಿಯುತ್ತದೆ, ಕುಡಿದು ಗಾಜಿಗೆ ಅಂಟಿಕೊಳ್ಳುತ್ತದೆ. ಬೀಗರು ಲೋಟ ಎತ್ತಿದಾಗ ಹೂವೂ ಜೊತೆಗೆ ಎದ್ದಿತು. ಅವರು ಗಮನಿಸಲಿಲ್ಲ. ನಾನು ಗಮನಿಸಿದೆ; ಆದರೆ ಶರಬತ್ತು ಕುಡಿಯುತ್ತಿರುವ ಬೀಗರಿಗೆ "ನಿಮ್ಮ ಅಡಿಯಲ್ಲಿ ಹೂವಿದೆ" ಎಂದು ಹೇಗೆ ಹೇಳುವುದು? ಎರಡನೆಯ ಗುಟುಕಿಗೆ ಹೂ ಕೈಬಿಟ್ಟು ನೇರವಾಗಿ ಅವರ ಹಾಲಿನಂಥ ಬಿಳಿ ಪಂಚೆಯ ಮೇಲೆ ಬಿತ್ತು. ದಾರ ಹತ್ತಿಯದೇ, ಅದರಲ್ಲಿ ಮೋಸವಿರಲಿಲ್ಲ. ಬಣ್ಣದ ಬಗ್ಗೆ ನಾನು ವಿಚಾರಿಸಿರಲಿಲ್ಲ. ತೆಗೆದು ನೋಡಿದರೆ ತೊಡೆಯ ಮೇಲೆ ಆರು ದಳದ ಕೆಂಪು ಮುದ್ರೆ. ಟೀಪಾಯಿಯ ಮೇಲೂ ಅಂಥವೇ ಐದು. ಮೊದಲು ಬರಿಯ ಉಂಗುರ ಬೀಳುತ್ತಿದ್ದ ಕಡೆ ಈಗ ಚಿತ್ತಾರ ಬಿದ್ದಿತ್ತು.

ಬೀಗರು ದೊಡ್ಡ ಮನುಷ್ಯರು. "ಪರವಾಗಿಲ್ಲ, ದಳ ಸರಿಯಾಗಿ ಮೂಡಿವೆ" ಎಂದರು.

ಅವರು ಹೋದ ಮೇಲೆ ಹೆಂಡತಿ ಆರೂ ಹೂಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿದಳು, ಬಣ್ಣ ನಿಲ್ಲುತ್ತದೆಯೇ ನೋಡೋಣ ಎಂದು. ನಿಲ್ಲಲಿಲ್ಲ. ಅದೇ ಬಕೆಟ್ಟಿನಲ್ಲಿ ನನ್ನ ಮೂರು ಬನಿಯನ್‌ಗಳು ನೆನೆಯುತ್ತಿದ್ದವು. ಮೂರೂ ಈಗ ಗುಲಾಬಿ.

"ನೋಡಲಿಲ್ಲವೇ?" ಎಂದೆ.

"ನೋಡಿದೆ. ಬೀಗರೊಬ್ಬರಿಗೇ ಆದರೆ ಚೆನ್ನಾಗಿರುವುದಿಲ್ಲ" ಎಂದು ಹೇಳಿ ಕಾಫಿ ಲೋಟವನ್ನು ಬಟ್ಟಲಿನ ಸಮೇತ ನನ್ನ ಕೈಗಿಟ್ಟಳು.