ಉದ್ಯಾನಕ್ಕೂ ಒಂದು ಚುನಾವಣೆ ಬೇಕು

ಅಮೆರಿಕದ ಆರೆಗಾನ್ ರಾಜ್ಯದ ದಕ್ಷಿಣ ಭಾಗದಲ್ಲಿರುವ ಆಶ್‌ಲ್ಯಾಂಡ್‌ನಲ್ಲಿ ನಾನು ನೆಲೆಸಿದ್ದೇನೆ. ಜನಸಂಖ್ಯೆ ಸುಮಾರು 21 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಪುರಸಭೆ. ಇಲ್ಲಿನ ಲಿಥಿಯಾ ಪಾರ್ಕ್‌ನ ವಿಸ್ತಾರ 93 ಎಕರೆ. ಪೇಟೆಯ ಚೌಕದಿಂದ ಹೊರಟು ಹಳ್ಳದ ಗುಂಟ ಬೆಟ್ಟದತ್ತ ಏರುತ್ತದೆ. ಊರಿಂದ ಬಂದ ನೆಂಟರು ಆ ಹಳ್ಳವನ್ನೂ ಜಪಾನಿ ತೋಟವನ್ನೂ ಕಂಡು ಬೆರಗಾಗುತ್ತಾರೆ. ನಾನು ಅವರಿಗೆ ಹೇಳುವುದು 1908ರ ಮತದಾನದ ಸಂಗತಿ.

ಆಗ ಚೌಕದ ಬದಿಯಲ್ಲಿ ಪಾಳುಬಿದ್ದ ಹಿಟ್ಟಿನ ಗಿರಣಿಯೊಂದಿತ್ತು. ಅದನ್ನು ತೆಗೆಸಿ ಉದ್ಯಾನ ಮಾಡಬೇಕೆಂದು ಊರಿನ ಮಹಿಳಾ ಸಂಘ ಪಟ್ಟು ಹಿಡಿಯಿತು. ಮತದಾರರು ಒಪ್ಪಿದರು. ಹಳ್ಳದ ದಂಡೆಯ ಊರೊಟ್ಟಿನ ಜಮೀನು ಉದ್ಯಾನಕ್ಕೇ ಮೀಸಲಾಯಿತು, ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಆಯೋಗವೂ ಹುಟ್ಟಿತು. ಅದರ ಐವರು ಸದಸ್ಯರನ್ನು ಜನರೇ ಚುನಾಯಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕನ್ನು ಬೆಳೆಸಿದ ಜಾನ್ ಮೆಕ್‌ಲಾರೆನ್ ಅವರಿಂದ ವಿನ್ಯಾಸ ಮಾಡಿಸುವ ಛಲ ಅಷ್ಟು ಚಿಕ್ಕ ಊರಿಗೆ ಬಂದದ್ದು ಅದಾದ ಮೇಲೆ. ಇಂದು ಅಲ್ಲಿ ಆಟದ ಅಂಗಳ, ಟೆನಿಸ್ ಅಂಕಣ, ಪಕ್ಕದಲ್ಲೇ ಸಮುದಾಯ ಭವನ, ಬೇಸಿಗೆಯ ಗುರುವಾರ ಸಂಜೆ ಊರಿನ ಬ್ಯಾಂಡಿನ ಉಚಿತ ಕಛೇರಿ ಎಲ್ಲವೂ ಉಂಟು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿ ಉದ್ಯಾನ, ಆಟದ ಮೈದಾನಗಳನ್ನು ನಗರಾಡಳಿತದ ಹೊಣೆಗಳ ಪಟ್ಟಿಗೆ ಸೇರಿಸಿದೆ. ಅವುಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೂ ಇದೆ. ಆದರೂ ನನ್ನ ಹುಟ್ಟೂರಿನ ಉದ್ಯಾನದಲ್ಲಿ ಕಾರಂಜಿ ಒಣಗಿದೆ, ಜೋಕಾಲಿಯ ಸರಪಳಿ ಹರಿದಿದೆ, ಶೌಚಾಲಯಕ್ಕೆ ಬೀಗ ಬಿದ್ದಿದೆ. ಆ ಬೀಗದಿಂದಾಗಿ ಹೆಂಗಸರು ಅರ್ಧ ಗಂಟೆಗೇ ಎದ್ದು ಹೊರಡುತ್ತಾರೆ. ಕೇಳಿದರೆ ಸದಸ್ಯರು ಎಂಜಿನಿಯರರನ್ನು ತೋರಿಸುತ್ತಾರೆ, ಎಂಜಿನಿಯರರು ಗುತ್ತಿಗೆದಾರನನ್ನು.

ಅಮೆರಿಕದಲ್ಲಿ ದುಡ್ಡಿದೆ, ನಡೆಯುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ ಅದು ತಾನಾಗಿ ಬಂದ ದುಡ್ಡಲ್ಲ. 1993ರಲ್ಲಿ ಹೋಟೆಲ್ ಊಟದ ಮೇಲೆ ಶೇ. 5ರ ತೆರಿಗೆಗೆ ಇಲ್ಲಿನವರೇ ಮತ ಹಾಕಿದರು. ಅದರಲ್ಲೊಂದು ಪಾಲು ಉದ್ಯಾನದ ಜಮೀನಿಗೆ ಸಂದಿತು.

ಇಲ್ಲಿ ನನಗೆ ಸಿಗದಿರುವುದೂ ಒಂದಿದೆ. ನಮ್ಮೂರಿನ ಕಲ್ಲುಬೆಂಚಿನಲ್ಲಿ ಕುಳಿತರೆ ಗುರುತಿಲ್ಲದ ಹಿರಿಯರೂ "ಯಾರ ಮಗನಪ್ಪಾ ನೀನು?" ಎಂದು ಮಾತಿಗೆಳೆಯುತ್ತಾರೆ. ಆ ಸಲುಗೆ ಯಾವ ಆಯೋಗದಿಂದಲೂ ಹುಟ್ಟುವುದಿಲ್ಲ. ಅದು ನಮ್ಮಲ್ಲಿ ಆಗಲೇ ಇದೆ, ಅದಕ್ಕೊಂದು ನೆರಳಿನ ಜಾಗ ಉಳಿಸಿಕೊಡಬೇಕು.

ಆದ್ದರಿಂದ ಪುರಸಭೆ ಚುನಾವಣೆಯ ಜೊತೆಗೇ ಐವರ ಉದ್ಯಾನ ಸಮಿತಿಯನ್ನೂ ಜನ ಆರಿಸುವಂತಾಗಲಿ. ಅದರಲ್ಲಿ ಮೂವರು ಮಹಿಳೆಯರಿರಲಿ, ಬಜೆಟ್ಟಿನಲ್ಲಿ ಅದಕ್ಕೆ ಬೇರೆಯೇ ಹಣವಿರಲಿ. ಸಮಿತಿಯ ಮೊದಲ ಕೆಲಸ ಶೌಚಾಲಯದ ಬೀಗ ತೆಗೆಸುವುದು.