ಮಿಕ್ಕಿಯ ಪಂಕ್ತಿಯಲ್ಲಿ ಎಂಟನೇ ಕ್ಲಾಸಿನವನು

ಬೆಂಗಳೂರಿನಲ್ಲಿ ಎಂಟನೇ ಕ್ಲಾಸು ಓದುವ ಹುಡುಗನಿಗೆ ನಾಲ್ಕು ಬೇರೆ ಬೇರೆ ವಯಸ್ಸು. ಮೈಸೂರಿಗೆ ಹೋಗುವ ಬಸ್ಸಿನಲ್ಲಿ 11. ಮೇಲ್ತುಟಿಯ ಮೇಲಿನ ಕಪ್ಪು ನೋಡಿ ಕಂಡಕ್ಟರು "ಏನಮ್ಮಾ, ಇವನಿಗೂ ಹಾಫಾ?" ಅಂದರೆ "ಎತ್ತರ ಅವರಪ್ಪನ ಕಡೇದು ಸಾರ್" ಎಂಬ ಉತ್ತರ ಸಿದ್ಧವಿರುತ್ತದೆ. ಕೋಚಿಂಗ್ ಸೆಂಟರಿನಲ್ಲಿ 17. ಆರನೇ ಕ್ಲಾಸಿಗೇ ಐಐಟಿ ಫೌಂಡೇಶನ್ನಿಗೆ ಸೇರಿಸಿದರೂ "ಸ್ವಲ್ಪ ಲೇಟಾಯ್ತು" ಎಂದು ಅಲ್ಲಿಯವರು ಮುಖ ಸಣ್ಣ ಮಾಡಿರುತ್ತಾರೆ. ಒಬ್ಬನೇ ಮೆಟ್ರೋ ಹತ್ತಿ ಅಜ್ಜಿ ಮನೆಗೆ ಹೋಗ್ತೀನಿ ಅಂದರೆ 7. ರಜೆಯಲ್ಲಿ ಫ್ಲೋರಿಡಾಕ್ಕೆ ಹಾರಿ ಮಿಕ್ಕಿ ಮೌಸ್ ವೇಷದವರ ಜೊತೆ ಕೂತು ತಿಂಡಿ ತಿನ್ನಿಸುವ ಯೋಜನೆ ಹಾಕುವಾಗ ಮಾತ್ರ 4. "ಅವನಿಗೆ ಮಿಕ್ಕಿ ಅಂದ್ರೆ ಪ್ರಾಣ" ಎನ್ನುತ್ತಾರೆ ಅಪ್ಪ. ಪ್ರಾಣವಾಗಿದ್ದದ್ದು ಒಂಬತ್ತು ವರ್ಷದ ಹಿಂದೆ. ಆಗ ಮನೆಯ ಸಾಲದ ಕಂತು ಹೆಚ್ಚಿತ್ತು, ಹೋಗಲಾಗಲಿಲ್ಲ.

ಬಿಲ್ಲು ಬರೆಯುವವರ ಲೆಕ್ಕದಲ್ಲಿ ಐದನೆಯದೊಂದು ವಯಸ್ಸೂ ಇದೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ 3ರಿಂದ 9ರವರೆಗೆ ಮಗು. 10 ತುಂಬಿದ ದಿನದಿಂದ ವಯಸ್ಕ. ಮತದಾನಕ್ಕೆ ಇನ್ನೂ 8 ವರ್ಷ ಕಾಯಬೇಕಾದವನು ಬಫೆಯ ಕ್ಯೂನಲ್ಲಿ ಅಪ್ಪನಿಗೆ ಸಮಾನ. ಹಾಂಗ್‌ಕಾಂಗ್‌ನವರು ಕೊಂಚ ಕರುಣಾಳುಗಳು, ಅಲ್ಲಿಯ ಡಿಸ್ನಿ ಪಾರ್ಕಿನ ಟಿಕೆಟಿಗೆ 11ರವರೆಗೂ ಮಗು ಎಂದು ಒಪ್ಪುತ್ತಾರೆ. ಟೋಕಿಯೋದವರು 12ರಿಂದ 17ಕ್ಕೆ ‘ಜೂನಿಯರ್’ ಎಂಬ ಮೂರನೆಯ ದರವನ್ನೇ ಇಟ್ಟಿದ್ದಾರೆ. ಮಗುವೂ ಅಲ್ಲದ, ದೊಡ್ಡವನೂ ಅಲ್ಲದ, ಕರೆದರೆ "ಹ್ಞೂಂ" ಎಂದಷ್ಟೇ ಹೇಳುವ ಪ್ರಾಣಿಯೊಂದು ಮನೆಮನೆಯಲ್ಲೂ ಇದೆ ಎಂಬುದನ್ನು ದರಪಟ್ಟಿಯಲ್ಲಿ ಗುರುತಿಸಿದವರು ಅವರು. ಅದನ್ನು ಮೆಚ್ಚಲೇಬೇಕು.

ದೊಡ್ಡ ಮಕ್ಕಳಿಗೆ ಇದೆಲ್ಲ ಇನ್ನೂ ಇಷ್ಟವಾಗುತ್ತದೆಯೇ ಎಂದು ಮಕ್ಕಳನ್ನೊಂದು ಬಿಟ್ಟು ಮಿಕ್ಕ ಎಲ್ಲರನ್ನೂ ಕೇಳುವುದು ನಮ್ಮ ಕ್ರಮ. ಉತ್ತರ ಬರುವಷ್ಟರಲ್ಲಿ ಬುಕಿಂಗ್ ಆಗಿರುತ್ತದೆ. ಆ ಬುಕಿಂಗೂ ಸಾಮಾನ್ಯ ಕೆಲಸವಲ್ಲ. ಮಿಕ್ಕಿಯ ಜೊತೆಗಿನ ತಿಂಡಿಯ ಟೇಬಲ್ಲುಗಳು ಬುಕಿಂಗಿಗೆ 60 ದಿನ ಮುಂಚೆ ತೆರೆಯುತ್ತವೆ. ಅವರದೇ ಹೋಟೆಲಿನಲ್ಲಿ ಉಳಿಯುವವರು ಬಂದಿಳಿಯುವ ದಿನಕ್ಕೆ 60 ದಿನ ಮುಂಚೆ, ವಾಸ್ತವ್ಯದ 10 ದಿನಗಳವರೆಗಿನ ಟೇಬಲ್ಲುಗಳನ್ನು ಒಂದೇ ಸಲಕ್ಕೆ ಹಿಡಿಯಬಹುದು. ವೆಬ್‌ಸೈಟು ಬಾಗಿಲು ತೆಗೆಯುವುದು ಅಲ್ಲಿಯ ಬೆಳಗಿನ 6ಕ್ಕೆ. ಬೇಸಿಗೆಯ ಗಡಿಯಾರದಲ್ಲಿ ಅದು ನಮಗೆ ಮಧ್ಯಾಹ್ನ 3:30. ಔಟರ್ ರಿಂಗ್ ರೋಡಿನ ಆಫೀಸುಗಳಲ್ಲಿ ಆ ಹೊತ್ತಿಗೆ ಕ್ಯಾಮೆರಾ ಆಫ್ ಮಾಡಿ, "ನೆಟ್‌ವರ್ಕ್ ಸರಿಯಿಲ್ಲ" ಎಂದು ಮೀಟಿಂಗಿನಿಂದ ಜಾರುವವರ ಪೈಕಿ ಕೆಲವರಿಗೆ ನೆಟ್‌ವರ್ಕ್ ಅತ್ಯುತ್ತಮವಾಗಿರುತ್ತದೆ. ನವೆಂಬರಿನಿಂದ ಮಾರ್ಚ್ ಮೊದಲ ವಾರಗಳವರೆಗೆ ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ ಸರಿದಿರುತ್ತದೆ, ಆಗ 4:30. ಇದನ್ನು ಮರೆತವರು ಒಂದು ಗಂಟೆ ಸುಮ್ಮನೆ ರಿಫ್ರೆಶ್ ಒತ್ತುತ್ತಾರೆ. ಕ್ರೆಡಿಟ್ ಕಾರ್ಡು ಕೊಡಲೇಬೇಕು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ತಲೆಗೆ 10 ಡಾಲರ್ ದಂಡ. ರದ್ದು ಮಾಡಲು 2 ಗಂಟೆ ಮುಂಚಿನವರೆಗೂ ಅವಕಾಶವಿದೆ. "ನಾನು ರೂಮಲ್ಲೇ ಮಲಗಿರ್ತೀನಿ" ಎಂದು ಮಗ ಘೋಷಿಸುವುದು ಒಂದೂಮುಕ್ಕಾಲು ಗಂಟೆ ಮುಂಚೆ.

ಈ ಕಾರಣಕ್ಕೇ ಬಲ್ಲವರು ಬೆಳಗಿನ ಪಂಕ್ತಿಯಲ್ಲಿ ಕಟ್ಟಕಡೆಯ ಸಮಯ ಹಿಡಿಯುತ್ತಾರೆ. ಐದು ವರ್ಷದ ಮಗು ಆರಕ್ಕೇ ಎದ್ದು ಮಂಚದ ಮೇಲೆ ಕುಣಿಯುತ್ತದೆ. ಹದಿಮೂರರದು ಹತ್ತರ ಮುಂಚೆ ಮಾತಾಡಿಸಿದರೆ ಕಚ್ಚುತ್ತದೆ. ಎರಡೂ ಇರುವ ಮನೆಯವರು ದೊಡ್ಡದರ ಲೆಕ್ಕಕ್ಕೇ ಸಮಯ ಗೊತ್ತು ಮಾಡುವುದು ಒಳ್ಳೆಯದು. ಚಿಕ್ಕದಕ್ಕೆ ಕೈಯಲ್ಲೊಂದು ಬಾಳೆಹಣ್ಣು ಕೊಟ್ಟರೆ ಕಾಯುತ್ತದೆ.

ಇನ್ನು ಒಳಗಿನ ವ್ಯವಹಾರ. ಅಲ್ಲಿಯ ಕಂಟೆಂಪರರಿ ಹೋಟೆಲಿನ ‘ಶೆಫ್ ಮಿಕ್ಕೀಸ್’ ಅನ್ನೇ ತೆಗೆದುಕೊಳ್ಳಿ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೋ, ಒಟ್ಟು ಐದು ವೇಷ. ಒಂದೊಂದೂ ಟೇಬಲ್ಲಿನಿಂದ ಟೇಬಲ್ಲಿಗೆ ಸರದಿಯಲ್ಲಿ ಬರುತ್ತದೆ, ನಿಮ್ಮ ಪಾಲಿಗೆ ಸಿಗುವುದು ಒಂದೆರಡು ನಿಮಿಷ. ಗೂಫಿ ಬರುವ ಹೊತ್ತಿಗೆ ಅಪ್ಪ ಬಫೆಯ ಮುಂದೆ ನಿಂತು ಯಾವುದರಲ್ಲಿ ಮೊಟ್ಟೆಯಿಲ್ಲ ಎಂದು ವಿಚಾರಿಸುತ್ತಿರುತ್ತಾರೆ, ಆ ಸರದಿ ಅಲ್ಲಿಗೆ ಮುಗಿಯಿತು. ಮೊದಲು ಕೂತಲ್ಲೇ ಕೂತು ಯಾವ ವೇಷ ಎಷ್ಟು ಟೇಬಲ್ ಆಚೆಗಿದೆ ಎಂದು ಎಣಿಸಬೇಕು. ಮೂರಕ್ಕಿಂತ ಹೆಚ್ಚಿದ್ದರಷ್ಟೇ ತಟ್ಟೆ ಹಿಡಿದು ಏಳಬೇಕು. ತಪ್ಪಿಹೋದರೆ ಬಡಿಸುವವರಿಗೆ ಹೇಳಿ, ಅವರು ಇನ್ನೊಮ್ಮೆ ಕಳಿಸಲು ನೋಡುತ್ತಾರೆ. ಬೆನ್ನಟ್ಟಿ ಹೋಗಬೇಡಿ, ಅದು ಮದುವೆಮನೆಯಲ್ಲಿ ಪಾಯಸದ ಬಕೆಟ್ಟಿನ ಹಿಂದೆ ಓಡಿದ ಹಾಗೆ ಕಾಣುತ್ತದೆ. ಹಸ್ತಾಕ್ಷರ ಬೇಕಿದ್ದರೆ ದಪ್ಪ ಪೆನ್ನು ಒಯ್ಯಿರಿ, ಗವಸು ತೊಟ್ಟ ಬೆರಳುಗಳಲ್ಲಿ ಸಣ್ಣ ರೀಫಿಲ್ ಪೆನ್ನು ನಿಲ್ಲುವುದಿಲ್ಲ. ಸಸ್ಯಾಹಾರದ ವಿಷಯ ಬುಕ್ ಮಾಡುವಾಗಲೇ ಬರೆಯಿರಿ. ಮಿಕ್ಕಿಯ ಮುಖದಾಕಾರದ ವಾಫಲ್ಲಿನ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ಅದನ್ನು ನೀರುದೋಸೆಯ ಚಿಕ್ಕಪ್ಪನ ಮಗ ಎಂದು ಅಜ್ಜಿಗೆ ಬಡಿಸಬೇಡಿ. ದೊಡ್ಡವರಿಗೆ ತಲೆಗೆ 50 ಡಾಲರ್ ದಾಟುತ್ತದೆ, ಮೇಲೆ ತೆರಿಗೆ, ಅದರ ಮೇಲೆ ಟಿಪ್ಸು. ಇದನ್ನು ರೂಪಾಯಿಗೆ ತಿರುಗಿಸುವವರು ಊಟಕ್ಕೆ ಮುಂಚೆ ತಿರುಗಿಸಬಾರದು, ಆಮೇಲೆ ಗಂಟಲಲ್ಲಿ ಇಳಿಯುವುದಿಲ್ಲ.

ದೊಡ್ಡ ಮಕ್ಕಳ ಮಾತಿಗೆ ಬಂದರೆ, ವೇಷಗಳಲ್ಲಿ ಎರಡು ಜಾತಿ ಎಂಬುದು ಗೊತ್ತಿರಬೇಕು. ಪೂರ್ತಿ ತಲೆ ಮುಚ್ಚಿದವು ಮಾತಾಡುವುದಿಲ್ಲ, ಎಲ್ಲವೂ ಕೈಸನ್ನೆ, ಮೈಸನ್ನೆ. ಮುಖ ಕಾಣುವ ರಾಜಕುಮಾರಿಯರು ಮಾತಾಡುತ್ತಾರೆ, ಪಾತ್ರ ಬಿಟ್ಟು ಕದಲುವುದಿಲ್ಲ. ವೈಫೈ ಪಾಸ್‌ವರ್ಡ್ ಕೇಳಿದರೆ ಅರಮನೆಯಲ್ಲಿ ಅಂಥ ವಸ್ತುವೇ ಇಲ್ಲ ಎಂಬಂತೆ ಕಣ್ಣರಳಿಸುತ್ತಾರೆ. ಹತ್ತರಿಂದ ಹದಿಮೂರರ ಹುಡುಗರಿಗೆ ರಾಜಕುಮಾರಿಯ ಪಂಕ್ತಿಯೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಿದಷ್ಟು ಸಂಕಟ. ಅವರಿಗೆ ಕೀಟಲೆಯ ವೇಷಗಳೇ ಸರಿ: ಡೊನಾಲ್ಡ್, ಗೂಫಿ, ಪಾಲಿನೇಷ್ಯನ್ ಹೋಟೆಲಿನ ಬೆಳಗಿನ ಪಂಕ್ತಿಗೆ ಬರುವ ನೀಲಿ ಮೈಯ ತುಂಟ ಸ್ಟಿಚ್. ಇವು ಟೊಪ್ಪಿ ಕಿತ್ತುಕೊಳ್ಳುತ್ತವೆ, ಮೊಬೈಲಿನೊಳಗೆ ಇಣುಕುತ್ತವೆ, ಮುನಿಸಿಕೊಂಡವನನ್ನು ಅವನಂತೆಯೇ ಕೈಕಟ್ಟಿ ಕೂತು ಅಣಕಿಸುತ್ತವೆ. ಹದಿಮೂರರವನು ನಕ್ಕರೆ ಇಲ್ಲೇ ನಗಬೇಕು. ಬೇಡವೆಂದು ಭುಜ ತಿರುಗಿಸಿದರೆ ವೇಷದೊಳಗಿನವರಿಗೆ ಅರ್ಥವಾಗುತ್ತದೆ, ಕೈಬೀಸಿ ಮುಂದೆ ಹೋಗುತ್ತಾರೆ. ಅರ್ಥವಾಗದಿರುವುದು ಅಪ್ಪನಿಗೆ. "ತಬ್ಬಿಕೊಳ್ಳೋ, ಅಷ್ಟು ದೂರದಿಂದ ಬಂದಿದೀವಿ!" ಎಂದು ಬೆನ್ನಿಗೆ ಕೈ ಹಾಕಿ ತಳ್ಳುತ್ತಾರೆ. ವೀಸಾಕ್ಕೆ ಚೆನ್ನೈವರೆಗೆ ಹೋಗಿ ನಿಂತದ್ದೂ ಆ ತಳ್ಳುವಿಕೆಯಲ್ಲಿ ಸೇರಿರುತ್ತದೆ.

ಹದಿನಾರು ದಾಟಿದವರ ಸಮಾಚಾರ ಬೇರೆ. ಅವರು ತಾವಾಗಿಯೇ ಓಡಿಹೋಗಿ ಪ್ಲೂಟೋನ ಕುತ್ತಿಗೆಗೆ ಜೋತುಬೀಳುತ್ತಾರೆ. ಅದು ತಮಾಷೆಗೆ, ಇನ್‌ಸ್ಟಾಗ್ರಾಮಿಗೆ ಎನ್ನುತ್ತಾರೆ. ಇರಲಿ.

ಇಷ್ಟು ಖರ್ಚಿಲ್ಲದೆ ಮಗನ ಇಷ್ಟ ತಿಳಿಯುವ ಪರೀಕ್ಷೆಯೊಂದು ಊರಿನಲ್ಲೇ ಇದೆ. ಯಾವುದಾದರೂ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯುವ ಹುಟ್ಟುಹಬ್ಬಕ್ಕೆ ಹೋಗಿ. ಬಾಡಿಗೆಯ ಮಿಕ್ಕಿ ಅಲ್ಲಿ ಬಂದೇ ಬರುತ್ತಾನೆ. ಕಿವಿ ಒಂದು ಬಾಗಿರುತ್ತದೆ, ಮೂತಿ ನೋಡಿದರೆ ಕರಡಿಯೋ ಇಲಿಯೋ ಎಂದು ಖಚಿತವಾಗುವುದಿಲ್ಲ. ಫೋಮಿನ ತಲೆ, ಮೈತುಂಬ ಕೃತಕ ತುಪ್ಪಳ, ನೋಡಲು ಬಾಯಿಯ ಹತ್ತಿರ ಜಾಲರಿಯ ಒಂದು ಕಿಂಡಿ. ಕೆಳಗಿನದು ಏನೂ ಕಾಣದ ಕಾರಣ ಎರಡು ವರ್ಷದ ಕೂಸುಗಳು ಮೊಣಕಾಲಿಗೆ ತಾಗಿ ಉರುಳುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಕಳೆದರೆ ಒಳಗಿರುವವನಿಗೆ ತಲೆ ತೆಗೆದು ನೀರು ಕುಡಿಯಲೇಬೇಕು, ತೆಗೆಯಲು ಮರೆಯೊಂದು ಬೇಕು. ಆ ಮರೆಯನ್ನು ಯಾರೂ ಯೋಚಿಸಿರುವುದಿಲ್ಲ. ಹಾಗಾಗಿ ಜನರೇಟರ್ ಪಕ್ಕ ಮಿಕ್ಕಿಯ ತಲೆ ಕಂಕುಳಲ್ಲಿ ಹಿಡಿದು ಬೀಡಿ ಹಚ್ಚಿದ ಮನುಷ್ಯನನ್ನು ಕಂಡು ನಾಲ್ಕು ವರ್ಷದವು ಕಿರುಚುತ್ತವೆ. ಗಾಳಿ ತುಂಬಿದ ಡೈನೋಸಾರ್ ಆದರೆ ಇನ್ನೂ ಕಷ್ಟ. ಒಳಗಿನ ಪುಟ್ಟ ಫ್ಯಾನಿಗೆ ನಾಲ್ಕು ಸೆಲ್ಲು, ಸೆಲ್ಲು ಸತ್ತರೆ ಕೇಕ್ ಕತ್ತರಿಸುವ ವೇಳೆಗೆ ಡೈನೋಸಾರು ಮೂರ್ಛೆ ಹೋಗುತ್ತದೆ. ವೇಷದವನ ಜೊತೆಗೊಬ್ಬ ಸಹಾಯಕ ಇರಲೇಬೇಕು. ಮೊಣಕೈ ಹಿಡಿದು ನಡೆಸುವುದು ಅವನ ಅರ್ಧ ಕೆಲಸ, ಬಾಲ ಕಾಯುವುದು ಉಳಿದರ್ಧ. ಬಾಲ ಎಳೆಯುವವರು ಒಂಬತ್ತರಿಂದ ಹನ್ನೆರಡರ ಗಂಡುಮಕ್ಕಳು. ನಿಮ್ಮವನು ಎಲ್ಲಿದ್ದಾನೆ ನೋಡಿಕೊಳ್ಳಿ. ಬಾಲ ಎಳೆಯುತ್ತಿದ್ದರೆ ಫ್ಲೋರಿಡಾಕ್ಕೆ ಇನ್ನೂ ಆಸೆಯಿದೆ. ಜ್ಯೂಸ್ ಕೌಂಟರಿನ ಹಿಂದೆ ಮೊಬೈಲ್ ಹಿಡಿದಿದ್ದರೆ ದುಡ್ಡು ಉಳಿಯಿತು. ಜನರೇಟರ್ ಹತ್ತಿರ ಹೋಗಿ "ಅಂಕಲ್, ನೀರು ತರ್ಲಾ?" ಎನ್ನುತ್ತಿದ್ದರೆ ಅವನನ್ನು ಯಾವ ದರದಲ್ಲಿ ಸೇರಿಸಬೇಕೆಂಬುದು ಡಿಸ್ನಿಯವರಿಗೂ ತೋಚಲಿಕ್ಕಿಲ್ಲ.

ಅಂದಹಾಗೆ ಮೈಸೂರು ದಸರೆಯ ಮೆರವಣಿಗೆಯಲ್ಲಿ ಬಿದಿರಿನ ಗಾರುಡಿ ಗೊಂಬೆಗಳು ಬರುತ್ತವಲ್ಲ, ಅವುಗಳೊಳಗೂ ಮನುಷ್ಯನೇ, ಅವನಿಗೂ ಕಿಂಡಿಯೊಂದೇ ಗತಿ. ಆದರೆ ಅಲ್ಲಿ ಗೊಂಬೆ ಕುಣಿಯುತ್ತ ಮುಂದೆ ಹೋಗುತ್ತದೆ, ನಮ್ಮ ಟೇಬಲ್ಲಿಗೆ ಬಂದು ಪ್ರೀತಿಯ ಲೆಕ್ಕ ಕೇಳುವುದಿಲ್ಲ. ನೋಡುವವನಿಗೆ ಎಷ್ಟು ವಯಸ್ಸು ಎಂದು ಯಾರೂ ವಿಚಾರಿಸಿದ್ದಿಲ್ಲ. ಆಕಳಿಸಿದರೂ ನಡೆಯುತ್ತದೆ.

ಬುಕಿಂಗಿಗೂ ಮುಂಚೆ ನೋಡಬೇಕಾದದ್ದು ಕೋಚಿಂಗ್ ಸೆಂಟರಿನ ವೇಳಾಪಟ್ಟಿ. ರಜೆಯ ಆನ್‌ಲೈನ್ ಟೆಸ್ಟು ಇಲ್ಲಿಯ ಸಂಜೆ 6ಕ್ಕೆಂದರೆ ಅಲ್ಲಿ ಬೇಸಿಗೆಯ ಗಡಿಯಾರದಲ್ಲಿ ಬೆಳಗಿನ 8:30, ಸರಿಯಾಗಿ ತಿಂಡಿಯ ಹೊತ್ತು. ಟೆಸ್ಟು ತಪ್ಪಿಸಿದರೆ ರ‍್ಯಾಂಕು ಹೋಗುತ್ತದೆ, ತಿಂಡಿ ತಪ್ಪಿಸಿದರೆ 10 ಡಾಲರು. ಎರಡನ್ನೂ ಬಿಡದ ಮನೆಯವರು ಟ್ಯಾಬ್ಲೆಟ್ಟನ್ನು ಸಿರಪ್ಪಿನ ಬಾಟಲಿಗೆ ಒರಗಿಸಿ ಮಗನನ್ನು ಕೂರಿಸುತ್ತಾರೆ. ನಡುನಡುವೆ ಹಾಡು ಹಾಕಿದಾಗ ಟೇಬಲ್ಲಿನ ಕರವಸ್ತ್ರ ಬೀಸಿ ಕುಣಿಯುವುದು ಅಲ್ಲಿಯ ಪದ್ಧತಿ. ಅಪ್ಪ ಅದನ್ನು ಗಿರಗಿರನೆ ತಿರುಗಿಸುತ್ತ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿರುತ್ತಾರೆ, ಅಮ್ಮ ವಿಡಿಯೋ ಮಾಡುತ್ತಿರುತ್ತಾರೆ. ಪ್ಲೂಟೋ ಹುಡುಗನ ಪಕ್ಕ ಮಂಡಿಯೂರಿ ಟ್ಯಾಬ್ಲೆಟ್ಟಿನತ್ತ ಬಗ್ಗಿ ನೋಡುತ್ತದೆ. 14ನೇ ಪ್ರಶ್ನೆ, ವರ್ಗ ಸಮೀಕರಣ. ಎರಡೂ ಪಂಜಗಳಿಂದ ಕಣ್ಣು ಮುಚ್ಚಿಕೊಳ್ಳುತ್ತದೆ.