ಇಬ್ಬರು ಸಾಕ್ಷಿಗಳಿದ್ದರೆ ಪಿತೂರಿ ತಯಾರು

1678ರ ಪ್ರಾಟೆಸ್ಟಂಟ್ ಲಂಡನ್ನಿನಲ್ಲಿ ಇಲ್ಲದ ಕ್ಯಾಥೊಲಿಕ್ ಪಿತೂರಿಯೊಂದನ್ನು ಕಟ್ಟಲು ಮೊದಲು ಬೇಕಾಗಿದ್ದು, ಹೋದಲ್ಲೆಲ್ಲ ಕತ್ತು ಹಿಡಿದು ಹೊರದಬ್ಬಿಸಿಕೊಂಡ ಒಬ್ಬ ಮನುಷ್ಯ. ಟೈಟಸ್ ಓಟ್ಸ್‌ಗೆ ಈ ಅರ್ಹತೆ ಧಾರಾಳವಾಗಿತ್ತು. ಶಾಲೆ ಹೊರಹಾಕಿತ್ತು, ಕೇಂಬ್ರಿಜ್ ಪದವಿ ಕೊಡದೆ ಕಳಿಸಿತ್ತು, ಹೇಸ್ಟಿಂಗ್ಸ್‌ನಲ್ಲಿ ಶಾಲಾಮೇಷ್ಟ್ರ ಮೇಲೆ ಸುಳ್ಳು ದೂರು ಕೊಟ್ಟು ಸಿಕ್ಕಿಬಿದ್ದಿದ್ದ, ನೌಕಾಪಡೆಯ ಪಾದ್ರಿಗಿರಿಯೂ ಕೈಬಿಟ್ಟಿತ್ತು. 1677ರಲ್ಲಿ ಕ್ಯಾಥೊಲಿಕ್ ಆದ. ಸ್ಪೇನಿನ ವಯ್ಯಾಡೊಲಿಡ್‌ನ ಜೆಸ್ಯೂಟರಿಗೆ, ಅಂದರೆ ಕ್ಯಾಥೊಲಿಕ್ ಸಂನ್ಯಾಸಿ ಸಂಘದವರಿಗೆ, ಐದು ತಿಂಗಳಲ್ಲಿ ಸಾಕಾಯಿತು, ಫ್ರಾನ್ಸಿನ ಸೇಂಟ್ ಓಮರ್‌ನವರಿಗೆ 1678ರ ಜೂನ್ ಹೊತ್ತಿಗೆ. ವಾಪಸು ಬಂದವನು ಸಲಮಾಂಕಾ ವಿಶ್ವವಿದ್ಯಾಲಯದ ಡಾಕ್ಟರ್ ಆಗಿದ್ದ. ಆ ಊರು ಅವನನ್ನು ಹೊರಹಾಕಲಿಲ್ಲ; ಅಲ್ಲಿಗೆ ಅವನು ಹೋಗಿಯೇ ಇರಲಿಲ್ಲ.

ಜೆಸ್ಯೂಟರ ಹೆಸರು ಕೇಳಿದರೆ ನಿದ್ದೆಗೆಡುತ್ತಿದ್ದ ಇಸ್ರೇಲ್ ಟಾಂಗ್ ಎಂಬ ಪಾದ್ರಿ ಜೊತೆಯಾದ. ಇಬ್ಬರೂ ಕೂಡಿ ಮೊದಲು 43 ಆರೋಪ ಬರೆದರು, ಕೆಲವೇ ವಾರಗಳಲ್ಲಿ ಅವು 81 ಆದವು. ದೊರೆ ಎರಡನೇ ಚಾರ್ಲ್ಸ್‌ನನ್ನು ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಬೆಳ್ಳಿ ಗುಂಡಿನಿಂದ ಕೊಲ್ಲಬೇಕು. ಗುಂಡು ಹಾರಿಸುವ ಇಬ್ಬರಲ್ಲಿ ಗ್ರೋವ್‌ಗೆ ಕೂಲಿ 1,500 ಪೌಂಡ್, ದೈವಭಕ್ತ ಪಿಕರಿಂಗ್‌ಗೆ ಹಣದ ಬದಲು 30,000 ಪೂಜೆ. ಗುಂಡು ತಪ್ಪಿದರೆ ರಾಣಿಯ ವೈದ್ಯ ವೇಕ್‌ಮನ್ ವಿಷ ಹಾಕುತ್ತಾನೆ, ಚೌಕಾಸಿಯ ನಂತರ 15,000 ಪೌಂಡಿಗೆ. ಹಾಗಾದರೆ ದೊರೆ ಇನ್ನೂ ಬದುಕಿದ್ದಾನಲ್ಲ? ಒಮ್ಮೆ ಪಿಸ್ತೂಲಿನ ಚಕಮಕಿ ಕಲ್ಲು ಸಡಿಲವಾಗಿತ್ತು, ಇನ್ನೊಮ್ಮೆ ಮದ್ದು ತುಂಬಲು ಮರೆತಿದ್ದರು. ಯುರೋಪನ್ನೇ ನಡುಗಿಸುವ ಸಂಘ, ಮದ್ದಿನ ನೆನಪಿಲ್ಲ.

ಚಾರ್ಲ್ಸ್ ತಾನೇ ಓಟ್ಸ್‌ನನ್ನು ಪ್ರಶ್ನಿಸಿದ. ಸ್ಪೇನಿನ ರಾಜಮನೆತನದ ಡಾನ್ ಜಾನ್‌ನನ್ನು ಕಂಡಿದ್ದೇನೆ ಎಂದೆಯಲ್ಲ, ಹೇಗಿದ್ದಾನೆ? ಓಟ್ಸ್ ವರ್ಣಿಸಿದ್ದು ಬೇರೆ ಯಾರನ್ನೋ. ಡಾನ್ ಜಾನ್‌ನನ್ನು ಖುದ್ದು ಬಲ್ಲ ದೊರೆ, ಇವನು ಸುಳ್ಳುಗಾರ ಎಂದು ತೀರ್ಮಾನಿಸಿ ನ್ಯೂಮಾರ್ಕೆಟ್‌ಗೆ ಕುದುರೆ ಜೂಜು ನೋಡಲು ಹೊರಟ. ಅಷ್ಟರಲ್ಲಿ ಓಟ್ಸ್‌ನ ಪ್ರಮಾಣ ಹೇಳಿಕೆ ಬರೆದುಕೊಂಡಿದ್ದ ಮ್ಯಾಜಿಸ್ಟ್ರೇಟ್ ಗಾಡ್‌ಫ್ರೀ ಅಕ್ಟೋಬರ್ 12ರಂದು ಕಾಣೆಯಾದ. 17ರಂದು ಪ್ರಿಮ್‌ರೋಸ್ ಹಿಲ್‌ನಲ್ಲಿ ಶವ ಸಿಕ್ಕಿತು, ಅವನದೇ ಕತ್ತಿ ಮೈಯಲ್ಲಿ ನಾಟಿತ್ತು. ಕೊಂದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಲಂಡನ್ನಿಗೆ ಮಾತ್ರ ಅಂದೇ ಗೊತ್ತಾಯಿತು. ಗ್ರೀನ್, ಬೆರ್ರಿ, ಹಿಲ್ ಎಂಬ ಮೂವರನ್ನು ನೇಣಿಗೇರಿಸಿದರು. ಬೆರ್ರಿ ಪ್ರಾಟೆಸ್ಟಂಟ್. ಇರಲಿ, ಅವಸರದಲ್ಲಿ ಅಷ್ಟು ನೋಡಲಾದೀತೇ?

ಕಾನೂನಿನದೊಂದು ಕಿರಿಕಿರಿಯಿತ್ತು: ರಾಜದ್ರೋಹಕ್ಕೆ ಇಬ್ಬರು ಸಾಕ್ಷಿ ಬೇಕು. ಪ್ರಭುಗಳ ವೇಷದಲ್ಲಿ ಯುರೋಪಿನ ತುಂಬ ಜನರಿಗೆ ಟೋಪಿ ಹಾಕಿದ್ದ ವಿಲಿಯಂ ಬೆಡ್ಲೋ ಎರಡನೆಯವನಾದ. ಗಾಡ್‌ಫ್ರೀ ಕೊಲೆಯ ಸುಳಿವಿಗೆ 500 ಪೌಂಡ್ ಇನಾಮು ಸಾರಿದ್ದರು. ಆದರೆ ಡಿಸೆಂಬರ್ ವಿಚಾರಣೆಯಲ್ಲಿ ವೈಟ್‌ಬ್ರೆಡ್, ಫೆನ್ವಿಕ್ ಎಂಬ ಜೆಸ್ಯೂಟರ ವಿರುದ್ಧ ಬೆಡ್ಲೋನ ನೆನಪು ಕೈಕೊಟ್ಟಿತು. ಸಾಕ್ಷಿ ಒಂದೇ ಆಯಿತು, ಅಂದರೆ ಬಿಡುಗಡೆ ಆಗಬೇಕು. ಮುಖ್ಯ ನ್ಯಾಯಾಧೀಶ ಸ್ಕ್ರಾಗ್ಸ್ ಅವರಿಬ್ಬರನ್ನು ಜೂರಿಯ ಮುಂದಿನಿಂದ ಎಬ್ಬಿಸಿ ಜೈಲಿಗೆ ವಾಪಸು ಕಳಿಸಿದ. ಆರು ತಿಂಗಳ ನಂತರ ಮತ್ತೆ ವಿಚಾರಣೆ. ಅಷ್ಟರಲ್ಲಿ ಬೆಡ್ಲೋಗೆ ಎಲ್ಲವೂ ಜ್ಞಾಪಕಕ್ಕೆ ಬಂದಿತ್ತು. 1679ರ ಜೂನ್ 20ರಂದು ಇನ್ನೂ ಮೂವರು ಜೆಸ್ಯೂಟರ ಜೊತೆ ಇಬ್ಬರನ್ನೂ ಗಲ್ಲಿಗೆ ಹಾಕಿದರು.

ಇಡೀ ಯಂತ್ರದ ಕೀಲು ಇರುವುದು ಇನ್ನು ಮುಂದೆ. 1678ರ ಏಪ್ರಿಲ್ 24ರಂದು ಸ್ಟ್ರಾಂಡ್ ಬೀದಿಯ ವೈಟ್ ಹಾರ್ಸ್ ಪಾನಗೃಹದಲ್ಲಿ ಜೆಸ್ಯೂಟರ ಗುಪ್ತಸಭೆ ಕಂಡೆ ಎಂದಿದ್ದ ಓಟ್ಸ್. ಆ ದಿನ ಅವನು ನಮ್ಮ ಜೊತೆ ಸೇಂಟ್ ಓಮರ್‌ನಲ್ಲಿ ಉಣ್ಣುತ್ತಿದ್ದ ಎಂದು ವಿದ್ಯಾರ್ಥಿಗಳ ದಂಡೇ ಕಡಲು ದಾಟಿ ಬಂದು ಹೇಳಿತು. ಹೇಳಿದವರು ಕ್ಯಾಥೊಲಿಕರು, ಧರ್ಮಕ್ಕಾಗಿ ಸುಳ್ಳು ಹೇಳಲು ಕ್ಯಾಥೊಲಿಕರಿಗೆ ಪೋಪರ ಪರವಾನಗಿ ಇದೆ, ಆದ್ದರಿಂದ ಸಾಕ್ಷ್ಯ ಬಿದ್ದುಹೋಯಿತು. ಕೊರಳಿಗೆ ಹಗ್ಗ ಬಿದ್ದ ಮೇಲೂ ನಿರಪರಾಧಿ ಎಂದರೆ? ಪರವಾನಗಿ ಸಾಯುವ ತನಕ ಚಾಲ್ತಿಯಲ್ಲಿದೆ ಎಂಬುದಕ್ಕೆ ಅದೇ ರುಜುವಾತು. ಒಪ್ಪಿಕೊಂಡರೆ ಮಾತ್ರ ಸತ್ಯವಂತ. ಓಟ್ಸ್ ಕೂಡ ಕ್ಯಾಥೊಲಿಕ್ ಆಗಿದ್ದವನಲ್ಲವೇ ಎಂದರೆ, ಅದು ಬೇಹುಗಾರಿಕೆಯ ವೇಷವಂತೆ. ಅಂದು ಜೆಸ್ಯೂಟರು ಸೇರಿದ್ದೇನೋ ನಿಜ, ಮೂರು ವರ್ಷಕ್ಕೊಮ್ಮೆ ನಡೆಯುವ ಮಾಮೂಲಿ ಸಭೆಗೆ. ಸೇರಿದ್ದು ದೊರೆಯ ಕ್ಯಾಥೊಲಿಕ್ ತಮ್ಮ ಜೇಮ್ಸ್‌ನ ಮನೆಯಾದ ಸೇಂಟ್ ಜೇಮ್ಸ್ ಅರಮನೆಯಲ್ಲಿ. ಆಪಾದಿತರು ಬಾಯಿಬಿಟ್ಟಿದ್ದರೆ ಜೇಮ್ಸ್‌ನ ಕಥೆ ಮುಗಿಯುತ್ತಿತ್ತು. ಬಿಡಲಿಲ್ಲ. ಓಟ್ಸ್‌ಗೆ ಆ ಸತ್ಯ ಗೊತ್ತೇ ಇರಲಿಲ್ಲ.

'ತಮ್ಮ ದೇವರನ್ನು ತಿನ್ನುತ್ತಾರೆ, ದೊರೆಯನ್ನು ಕೊಲ್ಲುತ್ತಾರೆ, ಕೊಲೆಗಾರನನ್ನು ಸಂತನಾಗಿಸುತ್ತಾರೆ' ಎಂದು ಪೀಠದಿಂದಲೇ ಗುಡುಗಿದ್ದ ಸ್ಕ್ರಾಗ್ಸ್, ಜುಲೈನಲ್ಲಿ ವೇಕ್‌ಮನ್ ಖುಲಾಸೆಗೆ ದಾರಿ ಮಾಡಿಕೊಟ್ಟ. ಮರುದಿನ ರಾಣಿಯ ತವರಾದ ಪೋರ್ಚುಗಲ್ಲಿನ ರಾಯಭಾರಿ ಬಂದು ಧನ್ಯವಾದ ಹೇಳಿಹೋದ. ಆಹಾ, ಲಂಚ! ನ್ಯಾಯಾಧೀಶನೂ ಪಿತೂರಿಯ ಪಾಲುದಾರ.

ಭಯವಿದ್ದಲ್ಲಿ ವ್ಯಾಪಾರವೂ ಇರಬೇಕಷ್ಟೆ. ಗಾಡ್‌ಫ್ರೀ ಹೆಸರು ಕೊರೆದ ಕಠಾರಿಗಳು ಒಂದೇ ದಿನ 3,000 ಖರ್ಚಾದವು ಎಂಬ ಮಾತಿದೆ. ಪಿತೂರಿಯ ಚಿತ್ರಗಳಿರುವ ಇಸ್ಪೀಟು ಎಲೆಗಳು ಬಂದವು. ಗುಂಡು ತಡೆಯುವ ರೇಷ್ಮೆ ಕವಚ ಬಂತು. ಅದನ್ನು ತೊಟ್ಟವನು ನಿಜಕ್ಕೂ ಸುರಕ್ಷಿತ, ಅವನನ್ನು ನೋಡಿ ನಗು ಬಂದು ಯಾರಿಗೂ ಹೊಡೆಯಲಾಗದು ಎಂದು ಅಂದಿನ ವಕೀಲ ರೋಜರ್ ನಾರ್ತ್ ಬರೆದಿಟ್ಟಿದ್ದಾನೆ. ನಗರದ ಖಜಾಂಚಿ ಸರ್ ಥಾಮಸ್ ಪ್ಲೇಯರ್‌ನ ಆತಂಕ ಇನ್ನೂ ಗಂಭೀರ: ನಾಳೆ ಬೆಳಿಗ್ಗೆ ನಾವೆಲ್ಲ ಕುತ್ತಿಗೆ ಕುಯ್ಯಿಸಿಕೊಂಡು ಏಳಬೇಕಾದೀತು!

1679ರ ನವೆಂಬರ್ 17, ರಾಣಿ ಎಲಿಜಬೆತ್ ಪಟ್ಟಕ್ಕೇರಿದ ದಿನ, ಪೋಪರ ಪ್ರತಿಕೃತಿಯ ಮೆರವಣಿಗೆ. ಮುಂದೆ ಗಂಟೆಯವನು, ಕುದುರೆಯ ಮೇಲೆ ಗಾಡ್‌ಫ್ರೀ ಶವದ ವೇಷ, ರಕ್ತಸಿಕ್ತ ಕಠಾರಿ ಹಿಡಿದ ಜೆಸ್ಯೂಟರು, ಕಾರ್ಡಿನಲ್ಲರು, ಕೊನೆಗೆ ಕಿವಿಯಲ್ಲಿ ಪಿಸುಗುಟ್ಟುವ ಸೈತಾನನ ಜೊತೆ ಪೋಪ್. ಎರಡು ವರ್ಷ ಹಿಂದೆ ಪೋಪರ ಹೊಟ್ಟೆಯಲ್ಲಿ ಜೀವಂತ ಬೆಕ್ಕುಗಳನ್ನು ತುಂಬಿ ಸುಟ್ಟಿದ್ದರು. ಅವುಗಳ ಚೀರಾಟ ಪೋಪ್–ಸೈತಾನರ ಸಂಭಾಷಣೆಯೆಂದು ಜನ ನಕ್ಕಿದ್ದರು. ಈ ಸಲ ಪೋಪರ ವೈದ್ಯನೂ ಇದ್ದ, ಕೈಯಲ್ಲಿ 'ಜೆಸ್ಯೂಟರ ಪುಡಿ'. ಅಂದರೆ ಮಲೇರಿಯಾಕ್ಕೆ ಮದ್ದಾದ ಸಿಂಕೋನಾ ತೊಗಟೆ. ಮೂರು ತಿಂಗಳ ಹಿಂದಷ್ಟೇ ವಿಂಡ್ಸರ್‌ನಲ್ಲಿ ಚಳಿಜ್ವರದಿಂದ ಮಲಗಿದ್ದ ಚಾರ್ಲ್ಸ್‌ನನ್ನು ಎಬ್ಬಿಸಿ ಕೂರಿಸಿದ್ದು ಇದೇ ತೊಗಟೆ. ರಾಬರ್ಟ್ ಟಾಲ್ಬರ್ ಎಂಬ ವೈದ್ಯ ಜೆಸ್ಯೂಟರ ಪುಡಿಯ ಬಗ್ಗೆ ಎಚ್ಚರವಿರಲಿ ಎಂದು ಪುಸ್ತಕ ಬರೆದು, ಅದನ್ನೇ ತನ್ನ ಗುಟ್ಟಿನ ಔಷಧಿಯಲ್ಲಿ ಬೆರೆಸಿ ಮಾರುತ್ತಿದ್ದ. 'ಸರ್' ಬಿರುದೂ ಸಿಕ್ಕಿತ್ತು.

ನಿಜವಾದ ಕ್ಯಾಥೊಲಿಕ್ ಗುಟ್ಟೊಂದು ಇರಲೇ ಇಲ್ಲವೆಂದಲ್ಲ. ಹಣ ಕೊಟ್ಟರೆ ಕ್ಯಾಥೊಲಿಕ್ ಆಗುತ್ತೇನೆಂದು 1670ರಲ್ಲಿ ಡೋವರ್ ಒಪ್ಪಂದದಲ್ಲಿ ಫ್ರಾನ್ಸಿನ ದೊರೆಗೆ ಮಾತು ಕೊಟ್ಟಿದ್ದವನಿದ್ದ. ಎರಡನೇ ಚಾರ್ಲ್ಸ್. 81 ಆರೋಪಗಳಲ್ಲಿ ಅದೊಂದು ಇರಲಿಲ್ಲ.

ಕನಿಷ್ಠ 15 ಮಂದಿ ಸತ್ತರು. 1685ರಲ್ಲಿ ಜೇಮ್ಸ್ ದೊರೆಯಾದ, ಓಟ್ಸ್‌ನ ಸುಳ್ಳುಸಾಕ್ಷ್ಯ ಸಾಬೀತಾಯಿತು. ಆ ಅಪರಾಧಕ್ಕೆ ಮರಣದಂಡನೆ ಇರಲಿಲ್ಲ. ಆಲ್ಡ್‌ಗೇಟ್‌ನಿಂದ ನ್ಯೂಗೇಟ್‌ವರೆಗೆ, ಒಂದು ದಿನ ಬಿಟ್ಟು ನ್ಯೂಗೇಟ್‌ನಿಂದ ಟೈಬರ್ನ್‌ವರೆಗೆ ಚಾವಟಿ, ಮೇಲೆ ಜೀವಾವಧಿ ಜೈಲು. 1689ರ ಹಕ್ಕುಗಳ ಮಸೂದೆಯಲ್ಲಿ 'ಕ್ರೂರ ಮತ್ತು ಅಸಾಮಾನ್ಯ ಶಿಕ್ಷೆ ಸಲ್ಲದು' ಎಂದು ಬರೆಯುವಾಗ ಸಂಸತ್ ಸದಸ್ಯರ ಮನಸ್ಸಿನಲ್ಲಿದ್ದ ಪ್ರಕರಣಗಳಲ್ಲಿ ಇದೂ ಒಂದು. ಗಲ್ಲಿಗೇರಿದವರ ಕರುಳು ಬಗೆದದ್ದು ಆ ಕಾಲಕ್ಕೆ ಅಸಾಮಾನ್ಯವೇನಲ್ಲ. ಜೇಮ್ಸ್ ನಂತರ ಬಂದ ಹೊಸ ದೊರೆ ವಿಲಿಯಂ ಓಟ್ಸ್‌ಗೆ ಕ್ಷಮೆ ಕೊಟ್ಟ, ಜೊತೆಗೆ ವಾರಕ್ಕೆ 5 ಪೌಂಡ್ ಪಿಂಚಣಿ.